ಕೇಳಿದಿರಲ್ಲ, ಇನ್ನು ಸ್ವಲ್ಪ ಸುಮ್ಮನಿರಿ

ಮಕ್ಕಳು ಮಾತಿನ ತರಬೇತಿಗೆ ಬರುವ ಶಿರಸಿಯ ನನ್ನ ಕೋಣೆಯಲ್ಲಿ ಹೆಚ್ಚುಕಡಿಮೆ ಪ್ರತಿದಿನ ನಡೆಯುವ ಪ್ರಸಂಗವಿದು. ಮಗುವಿನ ಮುಂದೆ ಎರಡು ಆಟಿಕೆ ಇಟ್ಟು "ಯಾವುದು ಬೇಕು?" ಎಂದು ಕೇಳುತ್ತೇನೆ. ಮಗು ಕಿಟಕಿಯ ಕಡೆ ನೋಡುತ್ತದೆ. ಅಪ್ಪ ಮುಂದಕ್ಕೆ ಬಾಗಿ "ಹೇಳು ತಮಾ, ಯಾವುದು ಬೇಕು?" ಎನ್ನುತ್ತಾರೆ. ಅಮ್ಮ "ಬಸ್ಸೋ, ಚೆಂಡೋ?" ಎಂದು ಬಿಡಿಸಿ ಕೇಳುತ್ತಾರೆ. ಅಜ್ಜಿ ಅದನ್ನೇ ಹವ್ಯಕ ಮಾತಿಗೆ ತಿರುಗಿಸುತ್ತಾರೆ. ಕಾರವಾರದ ಕಡೆಯವರಾದರೆ ಕೊಂಕಣಿಗೆ. ಎಂಟು ಸೆಕೆಂಡಿನೊಳಗೆ ನಾಲ್ಕು ಪ್ರಶ್ನೆ. ಮಗು ಕಿವಿ ಮುಚ್ಚಿಕೊಳ್ಳುತ್ತದೆ. "ನೋಡಿ, ಇವನಿಗೆ ಹೇಳಿದ್ದು ತಿಳಿಯುವುದೇ ಇಲ್ಲ" ಎಂದು ಮೂವರೂ ನನ್ನ ಮುಖ ನೋಡುತ್ತಾರೆ.

ತಿಳಿಯುತ್ತಿತ್ತು. ನೀವು ಬಿಡಲಿಲ್ಲ.

ಆಟಿಸಂ (ಮಾತು, ಒಡನಾಟ, ಗ್ರಹಿಕೆ ಚಿಕ್ಕಂದಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಅನೇಕ ಮಕ್ಕಳಿಗೆ, ದೊಡ್ಡವರಿಗೂ, ಕೇಳಿಸಿಕೊಂಡ ಮಾತು ಉತ್ತರವಾಗಿ ಹೊರಬರಲು ಹೆಚ್ಚು ಸಮಯ ಬೇಕು. ಫ್ಯಾನಿನ ಸದ್ದು, ಹೊರಗಿನ ಹಾರ್ನು, ನಿಮ್ಮ ಬಳೆಯ ಸಪ್ಪಳ ಎಲ್ಲದರ ನಡುವಿನಿಂದ ಪ್ರಶ್ನೆಯನ್ನು ಹೆಕ್ಕಬೇಕು, ಅರ್ಥಮಾಡಿಕೊಳ್ಳಬೇಕು, ಉತ್ತರ ಹುಡುಕಬೇಕು, ಆಮೇಲೆ ಬಾಯಿ ಆಡಬೇಕು. ಅಷ್ಟರಲ್ಲಿ ಬೇರೆ ಶಬ್ದಗಳಲ್ಲಿ ಇನ್ನೊಂದು ಪ್ರಶ್ನೆ ಬಂದರೆ ನಿಮಗದು ಸಹಾಯ, ಮಗುವಿಗೆ ಹೊಸ ಕೆಲಸ. ಬಾವಿಯಿಂದ ಕೊಡ ಅರ್ಧ ಮೇಲೆ ಬಂದಾಗ ಹಗ್ಗ ಬಿಟ್ಟು "ಮತ್ತೆ ಸೇದು" ಎಂದಂತೆ. ಆದ್ದರಿಂದ ಒಮ್ಮೆ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಮನಸ್ಸಿನಲ್ಲಿ ಎಂದೆ. ಮೇಜಿನ ಮೇಲೆ ಬೆರಳು ಬಡಿಯುತ್ತ ಅಲ್ಲ, ಹುಬ್ಬು ಹಾರಿಸುತ್ತ ಅಲ್ಲ, "ಹೂಂ, ಹೂಂ" ಎನ್ನುತ್ತಲೂ ಅಲ್ಲ. ಮತ್ತೆ ಕೇಳಲೇಬೇಕಾದರೆ ಮೊದಲಿನ ಶಬ್ದಗಳಲ್ಲೇ ಕೇಳಿ. ಮನೆಯಲ್ಲಿ ಎರಡು ಭಾಷೆ ಇರುವುದು ತಪ್ಪೇನಲ್ಲ. ಅದಕ್ಕಾಗಿ ಅಜ್ಜಿಯ ಬಾಯಿ ಕಟ್ಟಬೇಡಿ. ಒಂದೇ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಎರಡೂ ಭಾಷೆಯಲ್ಲಿ ಕೇಳಬೇಡಿ, ಅಷ್ಟೇ. ಇದನ್ನು ವಿವರಿಸಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮೂರು ಎಣಿಸುವುದರೊಳಗೆ ಯಾರಾದರೊಬ್ಬರು "ಹೇಳು ಬಂಗಾರಾ" ಎಂದುಬಿಡುತ್ತಾರೆ. ಎಂಜಿನಿಯರುಗಳು, ಮಾಸ್ತರರು ಕೂಡ. ನಾನೂ ಮೊದಲ ವರ್ಷಗಳಲ್ಲಿ ಹಾಗೇ ಮಾಡುತ್ತಿದ್ದೆ.

ಕಾದ ಮೇಲೆ ಬರುವ ಉತ್ತರ ನೀವು ಎಣಿಸಿದಂತೆಯೇ ಇರಬೇಕೆಂದಿಲ್ಲ. ಒಬ್ಬ ಹುಡುಗ ಮನೆಗೆ ನೆಂಟರು ಬಂದಾಗಲೆಲ್ಲ "ಆಸರಿಗೆ ಎಂತ ಬೇಕು?" ಎನ್ನುತ್ತಿದ್ದ, ಅಂದರೆ ಕುಡಿಯಲು ಏನು ಬೇಕು ಎಂದು. ಎಷ್ಟು ಉಪಚಾರ ಕಲಿತಿದ್ದಾನೆ ಎಂದು ಎಲ್ಲರೂ ನಕ್ಕು "ಏನೂ ಬೇಡಪ್ಪ" ಎನ್ನುವುದು, ಅವನು ಅಳುವುದು. ಪಾಪ, ಬಾಯಾರಿದ್ದು ಅವನಿಗೆ. ನೀರು ಸಿಗುವ ಹೊತ್ತಿಗೆ ಮನೆಯಲ್ಲಿ ಕೇಳಿಬರುವ ಮಾತು ಅದು, ಇಡಿಯಾಗಿ ಎತ್ತಿಟ್ಟುಕೊಂಡಿದ್ದ. ಕೇಳಿದ ಮಾತನ್ನೇ ಹೀಗೆ ಮರಳಿ ಹೇಳುವುದನ್ನೂ, ತನ್ನನ್ನೇ 'ನೀನು' ಎಂದುಕೊಳ್ಳುವುದನ್ನೂ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇರುವ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗಲೇ ಗುರುತಿಸಿದ್ದರು. ಅದು ಅಣಕವಲ್ಲ. ಗಿಳಿಪಾಠ ಎಂದು ತಳ್ಳುವ ಮೊದಲು ಮಗು ಆ ಮಾತನ್ನು ಎಲ್ಲಿ, ಯಾವಾಗ ಕೇಳಿತ್ತು ಎಂದು ಯೋಚಿಸಿ.

ಇಷ್ಟು ಓದಿ ಕಾಯುವುದೇ ಚಿಕಿತ್ಸೆ ಎಂದುಕೊಳ್ಳಬೇಡಿ. ಶ್ರವಣ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ಆಡುತ್ತಿದ್ದ ಮಾತು ನಿಂತುಹೋಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕೆಲವು ಮಕ್ಕಳು ಹತ್ತಲ್ಲ, ನೂರು ಎಣಿಸಿದರೂ ಬಾಯಲ್ಲಿ ಉತ್ತರಿಸುವುದಿಲ್ಲ. ಅವರಿಗೆ ಚಿತ್ರದ ಕಾರ್ಡು, ಟ್ಯಾಬ್ ಕೊಡಬಹುದು. ಅದರಿಂದ ಮಾತು ಬರುವುದು ನಿಲ್ಲುತ್ತದೆ ಎಂಬ ಭಯ ಬೇಡ. ಬೆರಳು ತೋರಿಸಿದರೂ ಅದು ಉತ್ತರವೇ. ಮತ್ತೆ, ಮಗು ರಸ್ತೆಗೆ ಓಡುತ್ತಿರುವಾಗ ದಯವಿಟ್ಟು ಎಣಿಸುತ್ತ ನಿಲ್ಲಬೇಡಿ. ಹಾಗೆ ಕೇಳಿದವರೂ ಇದ್ದಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಶಾಲೆ ಇವರನ್ನು ಸೇರಿಸಿಕೊಳ್ಳಬೇಕು; ಬ್ಯಾಂಕು, ಕಚೇರಿ ಇವರಿಗೆ ನಿಲುಕಬೇಕು. ಗಾಲಿಕುರ್ಚಿಗೆ ಇಳಿಜಾರು ಕಟ್ಟಿದರೆ ಫೋಟೋ ತೆಗೆಯಬಹುದು. ಕೌಂಟರಿನಲ್ಲಿ ಹತ್ತು ಸೆಕೆಂಡು ಬಾಯಿಮುಚ್ಚಿ ಕುಳಿತರೆ ಅದಕ್ಕೆ ಫೋಟೋ ಇಲ್ಲ, ಖರ್ಚೂ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಬಳೆ ಅಂಗಡಿಯವರು ನಿಧಾನವಾಗಿರಲಿ ಎಂದು ನಾನು ಕೇಳುತ್ತಿಲ್ಲ. ಮಾಮೂಲಿ ಮಂಗಳವಾರದಂದು ಆಗಬೇಕಲ್ಲ?

ಆಗುತ್ತದೆ, ನೋಡಿದ್ದೇನೆ. ಶಿರಸಿ–ಕುಮಟಾ ಬಸ್ಸಿನಲ್ಲಿ ಹದಿನೇಳರ ಹುಡುಗನೊಬ್ಬ ದಿನವೂ ಒಬ್ಬನೇ ಹೋಗಿಬರುತ್ತಿದ್ದ. "ಎಲ್ಲಿಗೆ?" ಎಂದು ಕೇಳಿ ಕಂಡಕ್ಟರ್ ಎರಡು ಸೀಟು ದಾಟಿದ ಮೇಲೆ ಉತ್ತರ ಬರುತ್ತಿತ್ತು. ಆತ ನಾಲ್ಕು ದಿನದಲ್ಲಿ ಉಪಾಯ ಕಂಡುಕೊಂಡರು: ಮೊದಲು ಇವನನ್ನು ಕೇಳುವುದು, ಹಿಂದಿನವರಿಗೆಲ್ಲ ಟಿಕೆಟ್ ಕೊಟ್ಟು ಮರಳುವುದು. ಅಷ್ಟರಲ್ಲಿ "ಕತಗಾಲ, ಒಂದು" ತಯಾರಾಗಿರುತ್ತಿತ್ತು. ನಿಮ್ಮ ಮನೆಯಲ್ಲೂ ಇಂತಹ ಮಗುವಿದೆಯೇ ಎಂದು ಹುಡುಗನ ತಾಯಿ ಕೇಳಿದರಂತೆ. "ಇಲ್ಲ ಅಕ್ಕೋರೆ, ಚಿಲ್ಲರೆ ಹುಡುಕುವವರಿಗೆ ಕಾಯುವುದಿಲ್ಲವೇ" ಎಂದರಂತೆ.

ಈಗ ಆ ಕಂಡಕ್ಟರಿಗೆ ಬೇರೆ ಮಾರ್ಗ ಕೊಟ್ಟಿದ್ದಾರೆ. ಹೊಸಬರು ರೂಢಿಯಾಗುವವರೆಗೆ ತಾಯಿ ಮತ್ತೆ ಮಗನ ಜೊತೆ ಬಸ್ಸು ಹತ್ತುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಕುಳಿತು, ಬಾಯಿ ಬಿಗಿಹಿಡಿದುಕೊಂಡು.