ನನ್ನದೇ ಡಿವಿಡಿ, ನನ್ನದೇ ಲ್ಯಾಪ್‌ಟಾಪ್. ಬೀಗ ತೆಗೆದರೆ ತಪ್ಪಾ?

ಪ್ರಶ್ನೆ: ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಸಿನಿಮಾ ಡಿವಿಡಿಗಳು ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಟಿವಿ ಪಕ್ಕದ ಪ್ಲೇಯರ್ ಕೆಟ್ಟುಹೋಯಿತು. ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಂಡಿದ್ದೇನೆ, ಅದರಲ್ಲಿ ಡಿಸ್ಕ್ ಓಡುವುದಿಲ್ಲ. ಡಿಸ್ಕ್‌ನ ಬೀಗ ತೆಗೆಯುವ ‘ಲಿಬ್‌ಡಿವಿಡಿಸಿಎಸ್ಎಸ್’ ಅನ್ನುವ ಪ್ರೋಗ್ರಾಂ ಹಾಕಿಕೊಂಡರೆ ಸರಿಹೋಗುತ್ತದೆ ಅಂತ ಒಬ್ಬರು, ಅದು ಕಾನೂನಿಗೆ ವಿರುದ್ಧ ಅಂತ ಇನ್ನೊಬ್ಬರು. ನನ್ನ ಡಿಸ್ಕ್ ನಾನು ನೋಡೋದು ಕಳ್ಳತನ ಹೇಗಾಗುತ್ತೆ?

ಉತ್ತರ: ಚುಟುಕಾಗಿ ಮೊದಲು ಹೇಳಿಬಿಡುತ್ತೇನೆ. ನೀವು ಭಾರತದಲ್ಲಿದ್ದು, ಕೊಂಡ ಡಿಸ್ಕನ್ನು ಮನೆಯಲ್ಲಿ ಕೂತು ನೋಡುವುದಕ್ಕಷ್ಟೇ ಅದರ ಡಿಜಿಟಲ್ ಬೀಗ ತೆಗೆದರೆ, ನಮ್ಮ ಕಾಪಿರೈಟ್ ಕಾಯ್ದೆ ನಾನು ಓದಿಕೊಂಡ ಮಟ್ಟಿಗೆ ಅದು ಅಪರಾಧವಲ್ಲ. ಅಮೆರಿಕದಲ್ಲಿದ್ದರೆ ಕಥೆ ಬೇರೆ. ನಾನು ವಕೀಲಿಕೆ ಓದಿದವನಲ್ಲ. ಲಿನಕ್ಸ್ ಬಳಸಿ ಬಳಸಿ ಈ ಕಲಂಗಳ ಸಹವಾಸ ಆಯಿತು, ಅಷ್ಟೇ.

ಕಾನೂನಿಗೆ ಹೋಗುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮನೆಯಲ್ಲಿ ಯಾರದಾದರೂ ಮದುವೆ ಡಿವಿಡಿ ಇರುತ್ತದಲ್ವಾ, ಅದನ್ನು ಅದೇ ಡ್ರೈವ್‌ಗೆ ಹಾಕಿ. ನಾನು ನಮ್ಮ ಚಿಕ್ಕಮ್ಮನ ಮಗಳ ಮದುವೆಯದು ಹಾಕಿದ್ದೆ. ಛತ್ರದ ಬಾಗಿಲಿಂದ ಹಿಡಿದು ಬೀಗರ ಊಟದವರೆಗೆ ಒಂದು ಚೂರೂ ತಡವರಿಸದೆ ಓಡಿತು. ಆಮೇಲೆ ಸಿನಿಮಾ ಡಿಸ್ಕ್ ಹಾಕಿದೆ. ತೆರೆ ತುಂಬ ಹಸಿರು, ಗುಲಾಬಿ ಬಣ್ಣದ ಚೌಕಗಳು. ಟರ್ಮಿನಲ್ ತೆರೆದು ನೋಡಿದರೆ, ಬೀಗ ಹಾಕಿದ ಡಿವಿಡಿ ಓದುವ ಸೌಲಭ್ಯ ಇಲ್ಲ ಅಂತ ಒಂದೇ ಸಾಲು. ಅಂದರೆ ಡ್ರೈವ್ ಚೆನ್ನಾಗಿದೆ, ಲಿನಕ್ಸ್ ಚೆನ್ನಾಗಿದೆ. ಮದುವೆ ವಿಡಿಯೋ ಮಾಡಿದವನು ಡಿಸ್ಕ್‌ಗೆ ಬೀಗ ಹಾಕಿರಲಿಲ್ಲ, ಸಿನಿಮಾ ಕಂಪನಿ ಹಾಕಿತ್ತು.

ಆ ಬೀಗದ ಹೆಸರು ಸಿಎಸ್ಎಸ್. 1996ರ ಹೊತ್ತಿಗೆ ಡಿವಿಡಿಯ ಜೊತೆಗೇ ಬಂದದ್ದು. ಸಿನಿಮಾವನ್ನು ಕಲಸುಮೇಲೋಗರ ಮಾಡಿ ಡಿಸ್ಕ್‌ನಲ್ಲಿ ಬರೆದಿರುತ್ತಾರೆ. ಬಿಡಿಸುವ ಕೀಲಿಕೈಯೂ ಅದೇ ಡಿಸ್ಕ್‌ನಲ್ಲಿರುತ್ತದೆ, ಆದರೆ ಅದಕ್ಕೂ ಬೀಗ. ಆ ಎರಡನೇ ಬೀಗ ತೆಗೆಯುವ ಕೀಲಿಕೈ ಪ್ಲೇಯರ್ ಮಾಡುವ ಕಂಪನಿಗಳ ಹತ್ತಿರ ಮಾತ್ರ. ಡಿವಿಡಿ ಕಾಪಿ ಕಂಟ್ರೋಲ್ ಅಸೋಸಿಯೇಷನ್ ಅನ್ನುವ ಸಂಸ್ಥೆಗೆ ಶುಲ್ಕ ಕಟ್ಟಿ, ಕರಾರಿಗೆ ಸಹಿ ಹಾಕಿದರೆ ಅದು ಸಿಗುತ್ತದೆ. ಕೀಲಿಕೈಯನ್ನು ಯಾರಿಗೂ ಕಾಣದ ಹಾಗೆ ಬಚ್ಚಿಡಬೇಕು ಅನ್ನುವುದು ಕರಾರಿನ ಮುಖ್ಯ ಮಾತು.

ಲಿನಕ್ಸ್‌ನಂಥ ಓಪನ್ ಸೋರ್ಸ್ ತಂತ್ರಾಂಶ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಶುಲ್ಕ ದೊಡ್ಡ ವಿಷಯ ಅಲ್ಲ, ಚಂದಾ ಎತ್ತಿ ಕಟ್ಟಬಹುದು. ಆದರೆ ಓಪನ್ ಸೋರ್ಸ್ ಅಂದರೇ ಕೋಡ್ ಎಲ್ಲರಿಗೂ ತೆರೆದಿರಬೇಕು. ತೆರೆದ ಕೋಡ್‌ನಲ್ಲಿ ಕೀಲಿಕೈ ಬಚ್ಚಿಡುವುದು ಗಾಜಿನ ಡಬ್ಬಿಯಲ್ಲಿ ಒಡವೆ ಬಚ್ಚಿಟ್ಟ ಹಾಗೆ. ಕರಾರು ಉಳಿಯಬೇಕು ಅಂದರೆ ಕೋಡ್ ಮುಚ್ಚಬೇಕು, ಮುಚ್ಚಿದರೆ ಅದು ಓಪನ್ ಸೋರ್ಸ್ ಅಲ್ಲ. ಲಿನಕ್ಸ್‌ಗೂ ಫ್ಲುಯೆಂಡೋದಂಥ ಕಂಪನಿಗಳು ಲೈಸೆನ್ಸ್ ಪಡೆದು ಡಿವಿಡಿ ಪ್ಲೇಯರ್ ಮಾರಿದ್ದುಂಟು, ಆದರೆ ಅದು ಮುಚ್ಚಿದ ತಂತ್ರಾಂಶ.

ಈ ಬೀಗ ಕಳ್ಳರನ್ನಾದರೂ ತಡೆಯಿತಾ? ಕಾರ್ಖಾನೆಯಲ್ಲಿ ಅಚ್ಚು ಹಾಕಿ ನಕಲಿ ಡಿಸ್ಕ್ ಮಾಡುವವನಿಗೆ ಬೀಗ ತೆಗೆಯುವ ಗೊಡವೆಯೇ ಇಲ್ಲ. ಬೀಗ, ಕೀಲಿಕೈ ಎರಡನ್ನೂ ಇದ್ದ ಹಾಗೇ ಅಚ್ಚೊತ್ತಿದರೆ ನಕಲಿ ಡಿಸ್ಕೂ ಮಾಮೂಲಿ ಪ್ಲೇಯರ್‌ನಲ್ಲಿ ಓಡುತ್ತದೆ. ತಡೆ ಬಿದ್ದದ್ದು ಮನೆಯಲ್ಲಿ ಕೂತು ಇನ್ನೊಂದು ಪ್ರತಿ ತೆಗೆಯುವವರಿಗೆ, ಮತ್ತೆ ನಿಮ್ಮ ನನ್ನಂಥ ಲಿನಕ್ಸ್‌ನವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ.

ಬೀಗ ಜಾಸ್ತಿ ದಿನ ಬಾಳಲಿಲ್ಲ. 1999ರ ಅಕ್ಟೋಬರ್‌ನಲ್ಲಿ ಈ ಬೀಗ ತೆಗೆಯುವ ಡಿಸಿಎಸ್ಎಸ್ ಅನ್ನುವ ಪುಟ್ಟ ಪ್ರೋಗ್ರಾಂ ಇಂಟರ್ನೆಟ್‌ಗೆ ಬಂತು. ಅದನ್ನು ಹೊರಬಿಟ್ಟವರಲ್ಲಿ ಒಬ್ಬ ನಾರ್ವೆಯ ಯೋನ್ ಯೋಹಾನ್ಸನ್, ಆಗ ಅವನಿಗೆ 15 ವರ್ಷ. ಒಂದು ಕಂಪನಿ ತನ್ನ ವಿಂಡೋಸ್ ಪ್ಲೇಯರ್‌ನಲ್ಲಿ ಕೀಲಿಕೈಯನ್ನು ಸರಿಯಾಗಿ ಮುಚ್ಚಿಡದೆ ಬಿಟ್ಟಿತ್ತು, ದಾರಿ ಸಿಕ್ಕಿದ್ದು ಅಲ್ಲಿಂದ. ಬೀಗವೂ ಗಟ್ಟಿ ಇರಲಿಲ್ಲ. ಬರೀ 40 ಬಿಟ್‌ನದು, ಅದರಲ್ಲೂ ಹುಳುಕು. ಕೆಲವೇ ದಿನಗಳಲ್ಲಿ ಕೀಲಿಕೈಯೇ ಇಲ್ಲದೆ ತೆಗೆಯುವ ಉಪಾಯವನ್ನೂ ಜನ ಕಂಡುಹಿಡಿದರು.

ನಾರ್ವೆಯಲ್ಲಿ ಯೋಹಾನ್ಸನ್ ಮೇಲೆ ಕೇಸು ನಡೆಯಿತು. ತಾನೇ ಕೊಂಡ ಡಿಸ್ಕನ್ನು ತಾನೇ ನೋಡುವುದಕ್ಕೆ ಬೀಗ ತೆಗೆದರೆ ತಪ್ಪಿಲ್ಲ ಅಂತ ಓಸ್ಲೋ ನ್ಯಾಯಾಲಯ 2003ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟೂ ಒಪ್ಪಿತು. ನಿಮ್ಮ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟ ಇನ್ನೊಂದು ತೀರ್ಪು ನನಗೆ ಗೊತ್ತಿಲ್ಲ.

ಅಮೆರಿಕದಲ್ಲಿ ಆದದ್ದು ಉಲ್ಟಾ. 1996ರಲ್ಲಿ ಜಿನೀವಾದಲ್ಲಿ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಕಾಪಿರೈಟ್ ಒಪ್ಪಂದ ಆಯಿತು. ಡಿಜಿಟಲ್ ಬೀಗಗಳಿಗೆ ಕಾನೂನಿನ ರಕ್ಷಣೆ ಕೊಡಿ ಅಂತ ಅದು ದೇಶಗಳಿಗೆ ಹೇಳಿತು. ಎಷ್ಟು, ಹೇಗೆ ಅನ್ನುವುದನ್ನು ಅವರವರಿಗೇ ಬಿಟ್ಟಿತು. ಅಮೆರಿಕ 1998ರಲ್ಲಿ ಡಿಎಂಸಿಎ ಕಾಯ್ದೆ ತಂದು ಹಗ್ಗವನ್ನು ಪೂರ್ತಿ ಬಿಗಿಯಿತು. ಕಾಪಿರೈಟ್ ಮುರಿಯಲಿ ಬಿಡಲಿ, ಬೀಗ ಮುರಿದದ್ದೇ ತಪ್ಪು. ಮುರಿಯುವ ಸಲಕರಣೆ ಹಂಚಿದರೂ ತಪ್ಪು. 2600 ಅನ್ನುವ ಹ್ಯಾಕರ್ ಪತ್ರಿಕೆಯ ಮೇಲೆ ಎಂಟು ಸಿನಿಮಾ ಸ್ಟುಡಿಯೋಗಳು ದಾವೆ ಹೂಡಿದವು. 2000ದ ಆಗಸ್ಟ್‌ನಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್, ಆ ಪತ್ರಿಕೆ ಡಿಸಿಎಸ್ಎಸ್ ಕೋಡ್ ಹಾಕಬಾರದು, ಅದು ಇರುವ ಕಡೆಗೆ ಲಿಂಕ್ ಕೂಡ ಕೊಡಬಾರದು ಅಂತ ತಡೆ ಕೊಟ್ಟರು. ಲಿನಕ್ಸ್‌ಗೆ ಪ್ಲೇಯರ್ ಮಾಡೋಕೆ ಬೇಕಿತ್ತು ಅನ್ನುವ ವಾದವನ್ನು ಅವರು ಒಪ್ಪಲಿಲ್ಲ. ಡಿಸಿಎಸ್ಎಸ್ ಮೊದಲು ಬಂದದ್ದು ವಿಂಡೋಸ್‌ಗೆ, ಅದು ವಾದಕ್ಕೆ ಪೆಟ್ಟು ಕೊಟ್ಟಿತು ಅನ್ನುವುದೂ ನಿಜ. ಜನ ಸಿಟ್ಟಿಗೆದ್ದು ಆ ಕೋಡನ್ನು ಟಿ-ಶರ್ಟ್ ಮೇಲೆ ಅಚ್ಚು ಹಾಕಿಸಿದರು, ಒಬ್ಬರು ಅದನ್ನೇ ಹೈಕುಗಳಾಗಿ ಬರೆದರು.

ಡಿಎಂಸಿಎಯಲ್ಲಿ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೇಳುವ ಪದ್ಧತಿ ಇದೆ. ಲಿನಕ್ಸ್‌ನಲ್ಲಿ ಡಿವಿಡಿ ನೋಡೋಕೆ ವಿನಾಯಿತಿ ಕೊಡಿ ಅಂತ ಕೇಳಿದವರಿಗೆ 2003ರಲ್ಲಿ ಇಲ್ಲ ಅನ್ನಿಸಿಕೊಂಡದ್ದೇ ಬಂತು. ಬೇರೆ ಪ್ಲೇಯರ್ ಕೊಂಡುಕೊಳ್ಳಬಹುದಲ್ಲ ಅನ್ನುವ ಧಾಟಿಯ ಉತ್ತರ. ಪ್ಲೇಯರ್ ಕೆಟ್ಟುಹೋಗಿದೆ ಅಂತ ಬರೆದ ನಿಮಗೆ ಇದನ್ನು ಹೇಳೋಕೆ ನನಗೇ ಮುಜುಗರ.

ಓಪನ್ ಸೋರ್ಸ್‌ನವರು ಎಷ್ಟು ಹೆದರಿದ್ದರು ಅನ್ನುವುದಕ್ಕೆ ಒಂದು ಉದಾಹರಣೆ. 2001ರ ಜುಲೈನಲ್ಲಿ ದ್ಮಿತ್ರಿ ಸ್ಕ್ಲ್ಯಾರೊವ್ ಅನ್ನುವ ರಷ್ಯದ ಪ್ರೋಗ್ರಾಮರ್ ಲಾಸ್ ವೇಗಸ್‌ಗೆ ಭಾಷಣ ಮಾಡಲು ಬಂದಿದ್ದ. ಇ-ಪುಸ್ತಕದ ಬೀಗ ತೆಗೆಯುವ ಪ್ರೋಗ್ರಾಂ ಬರೆದದ್ದಕ್ಕೆ ಅವನನ್ನು ಅಲ್ಲೇ ಬಂಧಿಸಿದರು. ಅವನು ಕೆಲಸ ಮಾಡುತ್ತಿದ್ದ ಕಂಪನಿ ಕೊನೆಗೆ 2002ರ ಡಿಸೆಂಬರ್‌ನಲ್ಲಿ ಖುಲಾಸೆ ಆಯಿತು. ಆದರೆ ಬಂಧನವಾದ ಕೆಲವು ತಿಂಗಳಿಗೆ, ಲಿನಕ್ಸ್ ಕರ್ನೆಲ್‌ನ (ಲಿನಕ್ಸ್‌ನ ತಿರುಳಿನ) ಆಗಿನ ಹಿರಿಯ ಕೆಲಸಗಾರ, ಬ್ರಿಟನ್ನಿನ ಆಲನ್ ಕಾಕ್ಸ್ ಒಂದು ವಿಚಿತ್ರ ಕೆಲಸ ಮಾಡಿದರು. ಕರ್ನೆಲ್ 2.2.20ರಲ್ಲಿ ಭದ್ರತೆಯ ದೋಷಗಳನ್ನು ಸರಿಪಡಿಸಿದರು. ಏನು ಸರಿಪಡಿಸಿದೆ ಅಂತ ಬರೆಯುವ ಜಾಗದಲ್ಲಿ, ಅಮೆರಿಕದ ಡಿಎಂಸಿಎ ಕಾರಣಕ್ಕೆ ವಿವರ ತಡೆಹಿಡಿದಿದೆ ಅಂತ ಬರೆದರು. ಅರ್ಧ ಪ್ರತಿಭಟನೆ, ಅರ್ಧ ನಿಜವಾದ ಭಯ. ತನ್ನ ಮನೆ ಬಾಗಿಲಿನ ಚಿಲಕ ಸಡಿಲ ಇತ್ತು ಅಂತ ಹೇಳೋಕೂ ಯೋಚಿಸಬೇಕಾದ ಪರಿಸ್ಥಿತಿ.

ಈಗ ನಿಮ್ಮ ಲಿಬ್‌ಡಿವಿಡಿಸಿಎಸ್ಎಸ್‌ಗೆ ಬರೋಣ. ಅದನ್ನು ಮಾಡಿದವರು ವಿಎಲ್‌ಸಿ ಪ್ಲೇಯರ್ ಮಾಡಿದವರೇ, ಫ್ರಾನ್ಸಿನ ವಿಡಿಯೋಲ್ಯಾನ್ ತಂಡ. ಉಬುಂಟು ಇದನ್ನು ತಾನೇ ಕಟ್ಟಿ ಕೊಡುವುದಿಲ್ಲ. ‘ಲಿಬ್‌ಡಿವಿಡಿ-ಪಿಕೆಜಿ’ ಅನ್ನುವ ಒಂದು ಪೊಟ್ಟಣ ಕೊಡುತ್ತದೆ. ಅದನ್ನು ಹಾಕಿದರೆ ನಿಮ್ಮ ಕಂಪ್ಯೂಟರೇ ವಿಡಿಯೋಲ್ಯಾನ್‌ನಿಂದ ಮೂಲ ಕೋಡ್ ತಂದು, ಅಲ್ಲೇ ಕಂಪೈಲ್ ಮಾಡಿಕೊಳ್ಳುತ್ತದೆ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳುತ್ತದೆ. ಅನ್ನ ಬಡಿಸುವುದಿಲ್ಲ, ಅಕ್ಕಿ ಎಲ್ಲಿ ಸಿಗುತ್ತದೆ ಅಂತ ಹೇಳುತ್ತೇನೆ, ಒಲೆ ನಿಮ್ಮದು, ಸೌದೆ ನಿಮ್ಮದು ಅನ್ನುವ ಹಾಗೆ. ಇಷ್ಟೆಲ್ಲಾ ಸುತ್ತುಬಳಸು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನಮ್ಮ ದೇಶದ ಕಾನೂನು ನೋಡೋಣ. ಡಿಜಿಟಲ್ ಬೀಗದ ಮಾತು ನಮ್ಮ 1957ರ ಕಾಪಿರೈಟ್ ಕಾಯ್ದೆಗೆ ಸೇರಿದ್ದು 2012ರ ತಿದ್ದುಪಡಿಯಲ್ಲಿ. ಜಾರಿಗೆ ಬಂದದ್ದು ಆ ವರ್ಷ ಜೂನ್ 21ಕ್ಕೆ. ಹೊಸ ಕಲಂ 65ಎ. ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಅಂತ ಅದರಲ್ಲಿದೆ. ಇಷ್ಟೇ ಓದಿದವರು ಗಾಬರಿಯಾಗುತ್ತಾರೆ. ಆದರೆ ಆ ವಾಕ್ಯದ ಒಳಗೆ ಒಂದು ಷರತ್ತಿದೆ: ಕಾಪಿರೈಟ್ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಆ ಉದ್ದೇಶ ಇಲ್ಲದಿದ್ದರೆ ಅಪರಾಧವೂ ಇಲ್ಲ. ಕೊಂಡ ಡಿಸ್ಕನ್ನು ಮನೆಯವರ ಜೊತೆ ಕೂತು ನೋಡುವುದರಲ್ಲಿ ಯಾರ ಹಕ್ಕಿಗೆ ಧಕ್ಕೆ? ಸಿನಿಮಾದಂಥ ಕೃತಿಯನ್ನು ಖಾಸಗಿಯಾಗಿ ನ್ಯಾಯವಾದ ರೀತಿಯಲ್ಲಿ ಬಳಸುವುದನ್ನು 52ನೇ ಕಲಂ ಬೇರೆ ರಕ್ಷಿಸುತ್ತದೆ. ಅದೇ ಬೀಗ ತೆಗೆದು ನೂರು ಪ್ರತಿ ತೆಗೆದು ಬಸ್ ಸ್ಟ್ಯಾಂಡ್ ಹತ್ತಿರ ಮಾರಿದಿರೋ, ಆಗ 65ಎ ನಿಮಗೇ ಬರೆದ ಹಾಗಿದೆ.

ಅದೇ ಕಲಂನಲ್ಲಿ ಇನ್ನೂ ಕೆಲವು ಬಾಗಿಲು ತೆರೆದಿವೆ. ಎನ್‌ಕ್ರಿಪ್ಶನ್ (ಗೂಢಲಿಪಿ) ಸಂಶೋಧನೆ ಮಾಡಬಹುದು. ಮಾಲೀಕರ ಒಪ್ಪಿಗೆ ಪಡೆದು ಕಂಪ್ಯೂಟರ್ ಭದ್ರತೆ ಪರೀಕ್ಷಿಸಬಹುದು. ನಿಮ್ಮ ಮೇಲೆ ಕಣ್ಣಿಡುವುದಕ್ಕೆ ಹಾಕಿದ ಬೀಗವನ್ನೂ ತೆಗೆಯಬಹುದು. ಸಲಕರಣೆ ಹಂಚುವುದನ್ನು ಅಮೆರಿಕದ ಹಾಗೆ ನೇರವಾಗಿ ನಿಷೇಧಿಸಿಲ್ಲ. ನನಗೆ ಹಿಡಿಸದ್ದು ಒಂದಿದೆ. ಬೇರೆಯವರಿಗೆ ಬೀಗ ತೆಗೆಯಲು ನೆರವಾಗುವವರು ಅವರ ಹೆಸರು, ವಿಳಾಸ, ಉದ್ದೇಶ ಎಲ್ಲ ಬರೆದಿಟ್ಟುಕೊಳ್ಳಬೇಕು ಅನ್ನುತ್ತದೆ. ಪಕ್ಕದ ಮನೆ ಅಂಕಲ್‌ಗೆ ಲಿಬ್‌ಡಿವಿಡಿಸಿಎಸ್ಎಸ್ ಹಾಕಿಕೊಡೋಕೆ ಒಂದು ರಿಜಿಸ್ಟರ್ ಬುಕ್ ಬೇಕಾ? ಕೋಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಅಂತ ಇಡುವ ಓಪನ್ ಸೋರ್ಸ್ ತಂಡ ಯಾರ ವಿಳಾಸ ಬರೆದುಕೊಳ್ಳಬೇಕು? ಈ ಸಾಲು ಬರೆದವರಿಗೆ ಅಂಥ ತಂಡಗಳ ನೆನಪು ಬಂದಿರಲಿಕ್ಕಿಲ್ಲ.

ಪ್ರೋಗ್ರಾಂ ಬರೆಯುವವರಿಗೆ ಜಾಸ್ತಿ ಉಪಯೋಗ ಇರುವುದು 1999ರ ತಿದ್ದುಪಡಿಯಲ್ಲಿ ಬಂದ ಇನ್ನೊಂದು ಸಾಲು. ನಿಮ್ಮ ಪ್ರೋಗ್ರಾಂ ಮತ್ತೊಂದರ ಜೊತೆ ಹೊಂದಿಕೊಂಡು ಕೆಲಸ ಮಾಡಬೇಕು, ಅದಕ್ಕೆ ಬೇಕಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ ಅಂದರೆ, ನ್ಯಾಯವಾಗಿ ಪಡೆದ ಪ್ರೋಗ್ರಾಂ ಅನ್ನು ಬಿಚ್ಚಿ ನೋಡಬಹುದು.

ನಮ್ಮ ತಿದ್ದುಪಡಿ ಜಾರಿಯಾದ ಅದೇ ಜೂನ್‌ನಲ್ಲಿ, 29ನೇ ತಾರೀಖು, ಕೆನಡಾದ ಸಿ-11 ಮಸೂದೆಗೂ ಒಪ್ಪಿಗೆ ಬಿತ್ತು. ಅವರು ಅಮೆರಿಕದ ದಾರಿ ಹಿಡಿದರು. ಉದ್ದೇಶ ಏನೇ ಇರಲಿ, ಬೀಗ ಮುರಿಯಬಾರದು, ಪಟ್ಟಿ ಮಾಡಿದ ವಿನಾಯಿತಿಗಳು ಮಾತ್ರ. ಹಾಗಾಗಿ ಟೊರಾಂಟೊದಲ್ಲಿರುವ ನಮ್ಮ ಓದುಗರು ಮೇಲಿನ ಮೂರು ಪ್ಯಾರಾ ಓದಿ ಧೈರ್ಯ ತಂದುಕೊಳ್ಳಬೇಡಿ. ಕೆನಡಾ ಕೂಡ ಆಮೇಲೆ ಸ್ವಲ್ಪ ಸಡಿಲಿಸಿದೆ. 2024ರ ನವೆಂಬರ್‌ನಲ್ಲಿ ರಿಪೇರಿಗೆ ಒಂದು, ಉಪಕರಣಗಳು ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಒಂದು ಅಂತ ಎರಡು ತಿದ್ದುಪಡಿ ಪಾಸಾದವು. ಡಿವಿಡಿ ನೋಡುವವರಿಗೆ ಅದರಿಂದ ಏನೂ ಸಿಗಲಿಲ್ಲ.

ಡಿವಿಡಿ ಯಾರು ನೋಡ್ತಾರೆ ಈಗ, ಹಳೇ ಕಥೆ ಅಂತ ಇನ್ನೊಬ್ಬ ಓದುಗರು ಕೇಳಬಹುದು. ಬೀಗ ಬ್ರೌಸರ್ ಒಳಗೆ ಬಂದು ಕೂತಿದೆ, ಅಷ್ಟೇ. ಫೈರ್‌ಫಾಕ್ಸ್ ಪೂರ್ತಿ ಓಪನ್ ಸೋರ್ಸ್. ಆದರೆ ಅದರಲ್ಲಿ ಒಟಿಟಿ ಸಿನಿಮಾ ಹಾಕಿದರೆ, ವೈಡ್‌ವೈನ್ ಅನ್ನುವ ಗೂಗಲ್‌ನ ಮುಚ್ಚಿದ ತುಣುಕೊಂದನ್ನು ಇಳಿಸಿಕೊಳ್ಳುತ್ತದೆ. ಕರಾರು ಹಳೆಯದೇ, ಕೀಲಿಕೈಯನ್ನು ಬಚ್ಚಿಡಬೇಕು. ಮಾಮೂಲಿ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಡ್‌ವೈನ್ ಕೆಳಗಿನ ದರ್ಜೆಯಲ್ಲೇ ನಡೆಯುತ್ತದೆ, ಹಾಗಾಗಿ ಕೆಲವು ಸೇವೆಗಳು ಒಳ್ಳೆ ಗುಣಮಟ್ಟದ ಚಿತ್ರ ಕಳಿಸುವುದಿಲ್ಲ. ಚಂದಾ ಅಷ್ಟೇ, ಚಿತ್ರ ಮಸುಕು.

2020ರ ಅಕ್ಟೋಬರ್‌ನಲ್ಲಿ ವಿಡಿಯೋ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಂ, ಕೋಡ್ ಇಡುವ ತಾಣ ಗಿಟ್‌ಹಬ್‌ನಿಂದ ರಾತ್ರೋರಾತ್ರಿ ಮಾಯವಾಗಿದ್ದು ನಿಮಗೂ ನೆನಪಿರಬಹುದು. ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ಡಿಎಂಸಿಎಯ ಅದೇ ಬೀಗದ ಕಲಂ ತೋರಿಸಿ ಪತ್ರ ಬರೆದಿತ್ತು. ನವೆಂಬರ್ 16ಕ್ಕೆ ಗಿಟ್‌ಹಬ್ ಅದನ್ನು ವಾಪಸ್ ಇಟ್ಟಿತು, ಇಂಥ ಕೇಸುಗಳಲ್ಲಿ ಪ್ರೋಗ್ರಾಮರ್‌ಗಳ ನೆರವಿಗೆ 10 ಲಕ್ಷ ಡಾಲರ್ ಎತ್ತಿಟ್ಟಿತು. ಕಾನೂನು ಅಮೆರಿಕದ್ದು, ಕೋಡ್ ಮಾಯವಾಗಿದ್ದು ಬೆಂಗಳೂರಿನಲ್ಲಿ ಕೂತು ನೋಡುತ್ತಿದ್ದವರಿಗೂ. ನಮ್ಮ 65ಎ ಎಷ್ಟೇ ಮೃದುವಾಗಿರಲಿ, ಕೋಡ್ ಇರುವ ಸರ್ವರ್‌ಗೆ ಅದು ಅನ್ವಯ ಆಗೋದಿಲ್ಲ.

ಕೊನೆಗೆ ನೀವು ಕೇಳದೆ ಬಿಟ್ಟ ಒಂದು ವಿಷಯ. ಲಿಬ್‌ಡಿವಿಡಿಸಿಎಸ್ಎಸ್ ಹಾಕಿದ ಮೇಲೂ ಪೆಟ್ಟಿಗೆಯ ಒಂದೆರಡು ಡಿಸ್ಕ್ ಹಟ ಮಾಡಬಹುದು. ನೆಂಟರು ಅಮೆರಿಕದಿಂದ ತಂದುಕೊಟ್ಟದ್ದಾದರೆ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಮೇಲೆ 1 ಅಂತ ಅಂಕಿ ಇರುತ್ತದೆ. ಭಾರತದ್ದು 5. ಇದು ರೀಜನ್ ಕೋಡ್, ಇನ್ನೊಂದು ಬೀಗ. ಡ್ರೈವ್‌ನ ರೀಜನ್ ಬದಲಿಸಲೇ ಅಂತ ಯಾವುದಾದರೂ ಪ್ರೋಗ್ರಾಂ ಕೇಳಿದರೆ ಸುಮ್ನೆ ಸರಿ ಅಂತ ಒತ್ತಬೇಡಿ. ಒಂದು ಡ್ರೈವ್‌ಗೆ ಐದು ಸಲ ಮಾತ್ರ ಅವಕಾಶ. ಐದನೇ ಸಲ ಯಾವ ಅಂಕಿಗೆ ನಿಲ್ಲಿಸಿದಿರೋ ಡ್ರೈವ್ ಅಲ್ಲೇ ನಿಲ್ಲುತ್ತದೆ. ಮೊದಲು ವಿಎಲ್‌ಸಿಯಲ್ಲಿ ಹಾಗೇ ಹಾಕಿ ನೋಡಿ. ಲಿಬ್‌ಡಿವಿಡಿಸಿಎಸ್ಎಸ್ ಎಷ್ಟೋ ಡ್ರೈವ್‌ಗಳಲ್ಲಿ ಆ ಅಂಕಿಯನ್ನು ಕೇಳುವುದೇ ಇಲ್ಲ.