ಮನೆ ಎದುರಿನ ಕಣಿ: ಮಳೆಗಾಲಕ್ಕೆ ಮೊದಲು ಮಣ್ಣು ತೆಗೆಯಬೇಕಾದ್ದು ಯಾರು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಒಳಗಿನ ಊರು. ಮನೆ ಎದುರಿನ ರಸ್ತೆಯ ಕಣಿಯಲ್ಲಿ (ಚರಂಡಿಯಲ್ಲಿ) ಮಣ್ಣು, ತರಗೆಲೆ ತುಂಬಿದೆ. ಜೋರು ಮಳೆ ಬಂದರೆ ನೀರು ರಸ್ತೆಯಲ್ಲೇ ಹರಿಯುತ್ತದೆ, ಅಲ್ಲಿಂದ ನಮ್ಮ ಅಂಗಳಕ್ಕೂ ಇಳಿಯುತ್ತದೆ. ಪಂಚಾಯತಿನಲ್ಲಿ ಕೇಳಿದರೆ ನಿಮ್ಮ ಮನೆ ಎದುರಿನದ್ದು ನೀವೇ ತೆಗೆಯಿರಿ ಅನ್ನುತ್ತಾರೆ. ನೆರೆಮನೆಯವರು, ಅದು ಪಂಚಾಯತಿನ ಕೆಲಸ, ನಾವ್ಯಾಕೆ ಮುಟ್ಟಬೇಕು ಅನ್ನುತ್ತಾರೆ. ನಿಜಕ್ಕೂ ಇದು ಯಾರ ಕೆಲಸ?

ಉತ್ತರ: ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುತ್ತದೆ. ಕಣಿ ಪಂಚಾಯತಿನದ್ದು. ಆದರೆ ಆ ಕಣಿಯನ್ನು ಕಟ್ಟಿಹಾಕುವ ವಸ್ತುಗಳಲ್ಲಿ ಹೆಚ್ಚಿನವು ನಮ್ಮವು, ಅವುಗಳ ಹೊಣೆಯೂ ನಮ್ಮದೇ. ನಿಮ್ಮ ಊರಿನಲ್ಲಿ ಜಗಳ ನಡೆಯುತ್ತಿರುವುದು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ.

ಮೊದಲು ಪಂಚಾಯತಿನ ಪಾಲು ನೋಡೋಣ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಮೂರನೇ ಪಟ್ಟಿಯಲ್ಲಿ ಗ್ರಾಮ ಪಂಚಾಯತು ಮಾಡಲೇಬೇಕಾದ ಕೆಲಸಗಳಿವೆ. ಮಳೆನೀರು ಹರಿದುಹೋಗುವ ವ್ಯವಸ್ಥೆ ಅದರಲ್ಲಿ ಒಂದು. ಪಂಚಾಯತಿನ ಕೈಯಲ್ಲಿರುವ ತೋಡು, ನೀರಿನ ದಾರಿಗಳನ್ನು ನೋಡಿಕೊಳ್ಳುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಪಂಚಾಯತು ರಸ್ತೆಯ ಕಣಿಯ ಮಣ್ಣು ತೆಗೆಯಬೇಕಾದ್ದು ಪಂಚಾಯತೇ. "ನೀವೇ ತೆಗೆಯಿರಿ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಆ ಹೊಣೆ ಮುಗಿಯುವುದಿಲ್ಲ.

ಆದರೆ ಆ ರಸ್ತೆ ಪಂಚಾಯತಿನದ್ದೇನಾ? ಇದನ್ನು ವಿಚಾರಿಸದೆ ಓಡಾಡಿದರೆ ಸುಮ್ನೆ ಕಾಲ ಹೋಗುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯ ಬದಿಯಲ್ಲಿ ಮನೆಯಿದ್ದರೆ ಕೇಳಬೇಕಾದ್ದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವನ್ನು. ನಂದಾರಪದವಿನಿಂದ ಹೊರಡುವ ಮಲೆನಾಡ ಹೆದ್ದಾರಿ, ಬಸ್ಸು ಓಡಾಡುವ ಇತರ ದೊಡ್ಡ ರಸ್ತೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ಕಡೆಗೆ ಬರುತ್ತವೆ. ಉಳಿದದ್ದು ಪಂಚಾಯತಿನದ್ದಾಗಿದ್ದರೆ ಅದರ ಆಸ್ತಿ ರಿಜಿಸ್ಟರಿನಲ್ಲಿ ಇರಬೇಕು. ಆಫೀಸಿಗೆ ಹೋಗಿ ನಿಮ್ಮ ರಸ್ತೆಯ ಹೆಸರು ಅದರಲ್ಲಿ ಇದೆಯಾ ಎಂದು ಕೇಳಿ.

ಅಲ್ಲಿ ಇಲ್ಲ ಅಂದರೆ ವಿಷಯ ಬೇರೆ. ನಮ್ಮ ಕಡೆ ಗುಡ್ಡೆಯ ಮೇಲಿನ ನಾಲ್ಕೈದು ಮನೆಗಳು ಸೇರಿ ತಮ್ಮ ತಮ್ಮ ಜಾಗ ಬಿಟ್ಟುಕೊಟ್ಟು ಜೆಸಿಬಿ ತರಿಸಿ ಮಾಡಿಕೊಂಡ ರಸ್ತೆಗಳು ತುಂಬ ಇವೆ. ಜೀಪು, ಆಟೋ ಎಲ್ಲ ಹೋಗುತ್ತವೆ, ನೋಡುವವರಿಗೆ ಊರಿನ ರಸ್ತೆಯೇ. ಕಾಗದದಲ್ಲಿ ಮಾತ್ರ ಅದು ಖಾಸಗಿ. ಅಂಥ ರಸ್ತೆಗೆ ಪಂಚಾಯತು ದುಡ್ಡು ಹಾಕುವ ಹಾಗಿಲ್ಲ. ಅದರ ಕಣಿ, ಮೋರಿ ಎಲ್ಲ ಆ ಮನೆಗಳವರದ್ದೇ. ಪಂಚಾಯತಿಗೆ ಒಪ್ಪಿಸಬೇಕೆಂದರೆ ಜಾಗ ಬಿಟ್ಟವರೆಲ್ಲ ಒಪ್ಪಿಗೆ ಬರೆದುಕೊಡಬೇಕು. ಒಬ್ಬರು ಬೇಡವೆಂದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬೇಸಗೆಯಲ್ಲೇ, ಎಲ್ಲರೂ ಸಮಾಧಾನದಲ್ಲಿರುವಾಗ ಮಾತಾಡಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಪಾಲು. ಕಣಿ ಕಟ್ಟಿಕೊಳ್ಳಲು ಜಾಸ್ತಿ ಕಾರಣವಾಗುವುದು ಗೇಟಿನ ಎದುರಿನ ಪೈಪು. ರಸ್ತೆಯಿಂದ ಅಂಗಳಕ್ಕೆ ವಾಹನ ಬರಬೇಕು, ನಡುವೆ ಕಣಿಯಿದೆ. ಅಲ್ಲಿ ಒಂದು ಪೈಪು ಇಟ್ಟು ಮೇಲೆ ಮಣ್ಣು ಹಾಕಿ ಕಾಂಕ್ರೀಟು ಸುರಿಯುತ್ತಾರೆ. ಆರು ಇಂಚಿನ ಪೈಪು ಕಡಿಮೆಗೆ ಸಿಗುತ್ತದೆ ಎಂದು ಅದನ್ನೇ ಇಟ್ಟವರು ಎಷ್ಟೋ ಮಂದಿ. ಮಳೆ ಬಿಟ್ಟ ಹೊತ್ತಿನಲ್ಲಿ ಆ ಪೈಪಿನ ಬಾಯಿಯ ಹತ್ತಿರ ಕುಳಿತು ನೋಡಿ. ಮೊದಲು ಒಂದು ಅಡಿಕೆ ಹಾಳೆ ಬಂದು ಅಡ್ಡ ನಿಂತಿರುತ್ತದೆ. ಅದಕ್ಕೆ ಒಂದು ನೀರಿನ ಬಾಟಲಿ ತಾಗಿರುತ್ತದೆ. ಅವೆರಡರ ಸಂದಿಗೆ ತರಗೆಲೆ, ಅದರ ಮೇಲೆ ಗುಡ್ಡೆಯಿಂದ ಇಳಿದ ಕೆಂಪು ಮಣ್ಣು. ಒಳಗೆ ಕೋಲು ಹಾಕಿದರೆ ಒಂದು ಮೊಳವೂ ಹೋಗುವುದಿಲ್ಲ. ಮೇಲಿನ ಕಣಿಯನ್ನು ಎಷ್ಟು ಚಂದ ಮಾಡಿಟ್ಟರೂ ಇಲ್ಲಿ ನೀರು ರಸ್ತೆಗೆ ಹತ್ತಲೇಬೇಕು, ಅಲ್ವಾ?

ನೀರಿನ ಲೆಕ್ಕ ಒಮ್ಮೆ ಮಾಡಿ ನೋಡಿ. ಒಂದು ಎಕರೆ ಗುಡ್ಡೆಯ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಅದು 4 ಲಕ್ಷ ಲೀಟರು. ನಮ್ಮಲ್ಲಿ ಜೂನ್, ಜುಲೈಯಲ್ಲಿ ಒಂದೇ ದಿನಕ್ಕೆ ಅಷ್ಟು ಮಳೆ ಬರುವುದು ಅಪರೂಪವೇನಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು ದಿನಕ್ಕೆ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆಯಾಗಬಹುದು ಅನ್ನಿಸಿದಾಗ. ನೀರೆಲ್ಲ ಕಣಿಗೆ ಬರುವುದಿಲ್ಲ, ಸ್ವಲ್ಪ ಇಂಗುತ್ತದೆ. ಆದರೆ ಮುರಕಲ್ಲಿನ ಪಾರೆಯ ಮೇಲೆ ಇಂಗುವುದು ಕಡಿಮೆ. ಇನ್ನು ಪೈಪಿನ ವಿಷಯ. ಆರು ಇಂಚಿನ ಬದಲು ಹನ್ನೆರಡು ಇಂಚಿನದ್ದು ಇಟ್ಟರೆ ಎರಡರಷ್ಟು ನೀರು ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಇಳಿಜಾರು ಅಷ್ಟೇ ಇದ್ದರೂ ಸುಮಾರು ಆರು ಪಟ್ಟು ನೀರು ಹೋಗುತ್ತದೆ. ದೊಡ್ಡ ಪೈಪಿಗೆ ಕೊಡುವ ದುಡ್ಡು ದಂಡವಲ್ಲ. ಪೈಪಿಗಿಂತಲೂ ಒಳ್ಳೆಯದು ಎತ್ತಿ ತೆಗೆಯಲು ಬರುವ ಸ್ಲ್ಯಾಬು. ಎರಡು ಜನ ಸೇರಿ ಹಾರೆ ಹಾಕಿ ಎಬ್ಬಿಸಿದರೆ ಅಡಿಯೆಲ್ಲ ಕಾಣುತ್ತದೆ.

ಈ ಪೈಪು, ಸ್ಲ್ಯಾಬು ಇಟ್ಟವರು ಯಾರೋ ಅದರೊಳಗಿನ ಮಣ್ಣು ತೆಗೆಯಬೇಕಾದವರೂ ಅವರೇ. ಇಡುವ ಮೊದಲು ರಸ್ತೆ ಯಾರದ್ದೋ ಅವರ ಅನುಮತಿ ಪಡೆಯಬೇಕು. ನಿಮ್ಮ ಪೈಪಿನಿಂದಾಗಿ ನೀರು ಕಟ್ಟಿ ಮೇಲಿನ ಮನೆಯ ಅಂಗಳಕ್ಕೆ ನುಗ್ಗಿದರೆ, ಪಂಚಾಯತು ಬರಲಿಲ್ಲ ಎಂದು ದೂರುವ ಹಾಗಿಲ್ಲ.

ಎರಡನೆಯದು, ಕಣಿಗೆ ಹಾಕುವ ಕಸ. ಅಂಗಳ ಗುಡಿಸಿ ತರಗೆಲೆಯನ್ನು ಗೇಟಿನ ಹೊರಗೆ ತಳ್ಳುವುದು, ತೆಂಗಿನ ಮಡಲು, ಅಡಿಕೆ ಸೋಗೆಯನ್ನು ಕಣಿಯ ಬದಿಗೆ ಎಳೆದು ಹಾಕುವುದು ನಮಗೆ ತಪ್ಪು ಅಂತಲೇ ಅನ್ನಿಸುವುದಿಲ್ಲ. ಜೂನ್ ಮೊದಲ ವಾರ ಅದೆಲ್ಲ ಮೋರಿಯ ಬಾಯಿಗೆ ಬಂದು ನಿಲ್ಲುತ್ತದೆ. ಪ್ಲಾಸ್ಟಿಕ್, ಕೋಳಿ ಅಂಗಡಿಯ ಕಸ, ಕಕ್ಕಸಿನ ನೀರನ್ನು ತೋಡಿಗೆ ಬಿಡುವುದಂತೂ ಅಪರಾಧವೇ. ಪಂಚಾಯತ್ ರಾಜ್ ಕಾಯ್ದೆಗೆ ಈಚೆಗೆ ಆದ ತಿದ್ದುಪಡಿಯಂತೆ ನೀರಿನ ಮೂಲಗಳನ್ನು ಕೆಡಿಸಿದವರಿಗೆ 10,000ದಿಂದ 50,000 ರೂಪಾಯಿ ವರೆಗೆ ದಂಡ ಇದೆ, ಜೊತೆಗೆ ಜೈಲೂ ಇದೆ.

ಮೂರನೆಯದು ಮರ. ನಿಮ್ಮ ಜಾಗದ ಮರ ರಸ್ತೆಗೆ ವಾಲಿದ್ದರೆ, ಅದರ ಒಣಗಿದ ಗೆಲ್ಲು ಬೀಳುವ ಹಾಗಿದ್ದರೆ ಕಡಿಸಬೇಕಾದವರು ನೀವು. ಇದೇ ಕಾಯ್ದೆಯ 238ನೇ ಸೆಕ್ಷನ್ ಪ್ರಕಾರ ಪಂಚಾಯತು ಮರದ ಯಜಮಾನರಿಗೆ ನೋಟೀಸು ಕೊಡಬಹುದು. ನೋಟೀಸಿಗೆ ಕಾಯಬೇಡಿ. ಗಾಳಿಮಳೆಗೆ ಮರ ಕರೆಂಟ್ ತಂತಿಯ ಮೇಲೆ ಬಿದ್ದ ಮೇಲೆ ಕಡಿಯುವವರು ಸಿಗುವುದಿಲ್ಲ, ಸಿಕ್ಕಿದರೂ ಎಲ್ಲರಿಗೂ ಒಂದೇ ದಿನ ಬೇಕು.

ಇನ್ನು ಕಾನೂನಿನಲ್ಲಿ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಮಾತಿದೆ. ಗುಡ್ಡೆ, ಬೈಲು ಇರುವ ನಮ್ಮ ಜಾಗಕ್ಕೆ ಅದು ಬಹಳ ಮುಖ್ಯ. ಮೇಲಿನ ಜಾಗದ ಮೇಲೆ ಬಿದ್ದ ಮಳೆನೀರು ತನ್ನಷ್ಟಕ್ಕೆ ಕೆಳಗಿನ ಜಾಗಕ್ಕೆ ಹರಿಯುತ್ತದೆ ಅಂದರೆ ಕೆಳಗಿನವರು ಅದನ್ನು ತಡೆಯುವ ಹಾಗಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಇದನ್ನು ಉದಾಹರಣೆ ಕೊಟ್ಟೇ ಹೇಳುತ್ತದೆ. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು, ಮದರಾಸಿಗೆ ಈ ಕಾಯ್ದೆ ಮೊದಲಿನಿಂದಲೇ ಇತ್ತು. ಅಂದರೆ ನಮ್ಮ ಅಜ್ಜಂದಿರ ಕಾಲದಿಂದಲೂ ಇರುವ ನಿಯಮ ಇದು. ಕೆಳಗಿನ ಜಾಗದವರು ಆವರಣ ಗೋಡೆ ಕಟ್ಟುವುದಾದರೆ ಕಟ್ಟಲಿ, ನೀರು ಇಳಿಯುತ್ತಿದ್ದಲ್ಲಿ ಕಿಂಡಿ ಬಿಟ್ಟು ಕಟ್ಟಬೇಕು. ಹಾಗೆಂದು ಮೇಲಿನವರಿಗೆ ಏನು ಬೇಕಾದರೂ ಮಾಡುವ ಹಕ್ಕಿಲ್ಲ. ಜಾಗ ಸಮತಟ್ಟು ಮಾಡಿಸಿ, ಮಾಡಿನ ನೀರು, ಅಂಗಳದ ನೀರನ್ನೆಲ್ಲ ಒಂದೇ ಪೈಪಿಗೆ ಸೇರಿಸಿ ಕೆಳಗಿನವರ ದರೆಯ ತಲೆಗೆ ಬಿಡುವುದು ತನ್ನಷ್ಟಕ್ಕೆ ಹರಿಯುವ ನೀರಲ್ಲ. ದರೆ ಜರಿದು ಮನೆಯ ಹಿಂಬದಿಗೆ ಬೀಳುವುದು ಎಷ್ಟೋ ಸಲ ಹೀಗೆಯೇ.

ಬೈಲಿನ ಗದ್ದೆಗೆ ಮಣ್ಣು ತುಂಬಿಸುವವರ ಬಗ್ಗೆಯೂ ಹೇಳಬೇಕು. ಮೇಲಿನ ಕಣಿಗಳೆಲ್ಲ ಕೊನೆಗೆ ಹೋಗಿ ಸೇರುವುದು ಅಲ್ಲಿಗೇ. ಗದ್ದೆ ಎತ್ತರವಾದರೆ ಊರಿನ ನೀರಿಗೆ ನಿಲ್ಲಲು ಜಾಗವಿಲ್ಲ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಇಲ್ಲದೆ ತುಂಬಿಸುವ ಹಾಗಿಲ್ಲ. ಲಾರಿ ಮಣ್ಣು ಬರಲು ಶುರುವಾದ ದಿನವೇ ವಿಲೇಜ್ ಆಫೀಸಿಗೆ, ಕೃಷಿ ಭವನಕ್ಕೆ ತಿಳಿಸಿ.

ಹಾಗಾದರೆ ನೀವು ಈಗ ಮಾಡಬೇಕಾದ್ದೇನು? ನಿಮ್ಮ ಮನೆಯ ಎದುರಿನ ಪೈಪಿನಿಂದ ಶುರು ಮಾಡಿ. ಆಮೇಲೆ ನೆರೆಯವರನ್ನು ಕರೆಯಿರಿ. ಕಣಿ ಪಂಚಾಯತಿನದ್ದಾದರೂ ನಾವು ಮುಟ್ಟಬಾರದು ಅಂತೇನಿಲ್ಲ. ಹಾರೆ, ಪಿಕ್ಕಾಸು, ಬುಟ್ಟಿ ಇದ್ದರೆ ನಾಲ್ಕು ಮನೆಯವರು ಸೇರಿ ಒಂದು ಭಾನುವಾರ ಬೆಳಿಗ್ಗೆ ಮುಗಿಸಬಹುದಾದಷ್ಟೇ ಕೆಲಸ ಎಷ್ಟೋ ಕಡೆ ಇರುವುದು. ಒಬ್ಬರೇ ಇರುವ ವಯಸ್ಸಾದವರ ಮನೆ ಎದುರಿನದ್ದನ್ನೂ ಸೇರಿಸಿಕೊಳ್ಳಿ. ನಡುವೆ ಒಂದು ಮನೆಯ ಎದುರು ಬಿಟ್ಟರೆ ಉಳಿದವರು ಮಾಡಿದ್ದೂ ವ್ಯರ್ಥ.

ಕೆಲಸವನ್ನು ಕೆಳಗಿನಿಂದ ಮೇಲಕ್ಕೆ ಮಾಡಿಕೊಂಡು ಬನ್ನಿ. ಮೇಲಿನಿಂದ ಶುರು ಮಾಡಿದರೆ ನಡುವೆ ಒಂದು ಮಳೆ ಬಂದಾಗ ಕೆಳಗೆ ನೀರು ಕಟ್ಟುತ್ತದೆ. ತೆಗೆದ ಮಣ್ಣನ್ನು ಕಣಿಯ ಅಂಚಿನಲ್ಲೇ ರಾಶಿ ಹಾಕಬೇಡಿ, ಮೊದಲ ಮಳೆಗೇ ಅದು ಪುನಃ ಒಳಗೆ ಬರುತ್ತದೆ. ಪ್ಲಾಸ್ಟಿಕ್ ಹೆಕ್ಕಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ, ಮಣ್ಣನ್ನು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಹಾಕಬಹುದು.

ಕಾಲಿನಲ್ಲಿ ಗಾಯ ಇರುವವರು ಕಣಿಗೆ ಇಳಿಯಬೇಡಿ. ಇಲಿಜ್ವರ ಬರುವುದು ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ, ಚರ್ಮದ ಸಣ್ಣ ಗಾಯದ ಮೂಲಕ. ಉಳಿದವರೂ ಬೂಟು, ಕೈಗವಸು ಹಾಕಿಕೊಳ್ಳಿ. ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದು ಆಗುವುದಿಲ್ಲ, ಹಾಗಾಗಿ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಕಣಿಯ ಕೆಲಸ ಮಾಡಿದ್ದೇನೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಯಾವಾಗ ಮುಗಿಸಬೇಕು? ಪತ್ತನಾಜೆಯ ಒಳಗೆ. ಕೋಲ, ನೇಮ, ಆಟ ಎಲ್ಲ ಮುಗಿದು ಮಳೆಗಾಲಕ್ಕೆ ಸಜ್ಜಾಗುವ ದಿನ ಎಂದು ಹಿರಿಯರು ಇಟ್ಟುಕೊಂಡದ್ದೇ ಅದನ್ನು, ಮೇ 24ರ ಆಸುಪಾಸು ಬರುತ್ತದೆ. ಲೆಕ್ಕದ ಪ್ರಕಾರ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ. ಆದರೆ 2025ರಲ್ಲಿ ಮೇ 24ಕ್ಕೇ ಬಂತು. ಜೂನ್‌ಗೆ ನೋಡೋಣ ಅಂದವರಿಗೆ ಆ ವರ್ಷ ಕಣಿಗೆ ಇಳಿಯಲು ಒಂದು ಬಿಸಿಲು ಸಿಗುವುದೂ ಕಷ್ಟವಾಯಿತು.

ನಿಮ್ಮಿಂದ ಆಗದ್ದು ಕೆಲವು ಇರುತ್ತವೆ. ರಸ್ತೆಯ ಅಡಿಯ ಮೋರಿ ಕುಸಿದದ್ದು, ಕಣಿಯೇ ಇಲ್ಲದ ರಸ್ತೆ, ಕಣಿಯನ್ನು ಯಾರೋ ಒತ್ತುವರಿ ಮಾಡಿದ್ದು. ಅದಕ್ಕೆ ಪಂಚಾಯತು ಸೆಕ್ರೆಟರಿಗೆ ಬರೆದೇ ಕೊಡಿ. ಫೋಟೋ ಇಡಿ, ನೀರು ಎಲ್ಲಿ ಕಟ್ಟುತ್ತದೆ ಎಂದು ಗುರುತಿಸಿ, ಪಕ್ಕದ ಮನೆಯವರ ಸಹಿಯನ್ನೂ ಹಾಕಿಸಿ. ವಾರ್ಡ್ ಮೆಂಬರಿಗೆ ಒಂದು ಪ್ರತಿ ಕೊಡಿ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ಅದನ್ನು ಕರೆಯುವವರು ಮೆಂಬರೇ. ಹೊಸ ಕಣಿ, ಮೋರಿಗೆ ದುಡ್ಡು ಬೇಕಿದ್ದರೆ ಅಲ್ಲಿ ಎದ್ದು ಹೇಳಿ, ಬರೆಸಿಕೊಳ್ಳಿ. ಸಾರ್ವಜನಿಕ ನೀರಿನ ದಾರಿಯನ್ನು ಯಾರಾದರೂ ಮುಚ್ಚಿದ್ದು ಪಂಚಾಯತಿನಿಂದ ಬಗೆಹರಿಯದಿದ್ದರೆ ಆರ್‌ಡಿಒಗೆ (ರೆವೆನ್ಯೂ ಡಿವಿಷನಲ್ ಆಫೀಸರಿಗೆ) ದೂರು ಕೊಡಬಹುದು. ಅಡ್ಡಿಯನ್ನು ತೆಗೆಸುವ ಅಧಿಕಾರ ಅವರಿಗಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್‌ನಲ್ಲಿ.

ಅರ್ಜಿಯನ್ನು ಮಲೆಯಾಳದಲ್ಲಿ ಬರೆಸಲು ಯಾರನ್ನೋ ಹುಡುಕಿಕೊಂಡು ಹೋಗಬೇಡಿ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದವರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ದೂರನ್ನು ದೇಶದ, ರಾಜ್ಯದ ಯಾವುದೇ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ. ಕನ್ನಡ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದರೆ ಹಾಗೆಂದು ಬರೆದುಕೊಡಲು ಹೇಳಿ. ತೆಗೆದುಕೊಂಡರೆ ರಶೀದಿ ಕೇಳಿ, ಅದರ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಕೇಳುವುದು ಅದನ್ನೇ.