ಕಲ್ಸಂಕದಲ್ಲಿ ಪೋರ್ಷೆ, ಕಿವಿಯಲ್ಲಿ ಸುಣ್ಣದ ಹರಳು

ನಮ್ಮ ಕಡೆ ಯಾರಾದರೂ ಸ್ಪೋರ್ಟ್ಸ್ ಕಾರು ತಗೊಂಡರೆ ಊರಿಡೀ ಒಂದೇ ಪ್ರಶ್ನೆ. "ಎಂತ ಮಾರಾಯ್ರೆ, 290 ದಾಟುವ ಗಾಡಿ ತಂದದ್ದು ಕಲ್ಸಂಕದಲ್ಲಿ ಆಟೋ ಹಿಂದೆ ನಿಲ್ಲಿಸ್ಲಿಕ್ಕಾ?" (ಕಲ್ಸಂಕ ಅಂದರೆ ಉಡುಪಿಯ ಗಿಜಿಗುಡುವ ಸರ್ಕಲ್.) ದುಬೈಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ ನನ್ನ ಭಾವ ಸೆಕೆಂಡ್ ಹ್ಯಾಂಡ್ ಪೋರ್ಷೆ 911 ತಂದಾಗಲೂ ಇದನ್ನೇ ಕೇಳಿದರು. ಭಾವ ನಗುತ್ತಾರೆ, ಉತ್ತರ ಕೊಡುವುದಿಲ್ಲ. ಉತ್ತರ ನಾನು ಕೊಡುತ್ತೇನೆ. ಯಾಕೆಂದರೆ ತಪ್ಪಿರುವುದು ಪ್ರಶ್ನೆಯಲ್ಲೇ.

ಕಾರಿನ ಮಜಾ ಇರುವುದು ವೇಗದಲ್ಲಿ ಅಂತ ಇವರೆಲ್ಲ ಮೊದಲೇ ತೀರ್ಮಾನ ಮಾಡಿರುತ್ತಾರೆ. ಆದರೆ ವೇಗವನ್ನು ನೇರವಾಗಿ ಅಳೆಯುವ ಅಂಗವೇ ನಮ್ಮ ದೇಹದಲ್ಲಿ ಇಲ್ಲ. ನೀವೀಗ ಉಡುಪಿಯಲ್ಲಿ ಕುರ್ಚಿ ಮೇಲೆ ಕೂತು ಇದನ್ನು ಓದುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಭೂಮಿ ತಿರುಗುವ ಲೆಕ್ಕದಲ್ಲಿ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದೀರಿ. ಸೂರ್ಯನ ಸುತ್ತ ಹೋಗುವ ಲೆಕ್ಕ ಹಿಡಿದರೆ ಗಂಟೆಗೆ ಒಂದು ಲಕ್ಷ ಕಿಲೋಮೀಟರ್ ದಾಟುತ್ತದೆ. ಕೈಯಲ್ಲಿರುವ ಚಹಾ ತುಳುಕುವುದೂ ಇಲ್ಲ. ಗೆಲಿಲಿಯೋ 1632ರಲ್ಲೇ ಹೇಳಿದ್ದ: ಒಂದೇ ವೇಗದಲ್ಲಿ ಸಾಗುವ ಹಡಗಿನ ಒಳಕೋಣೆಯಲ್ಲಿ ಕೂತರೆ ಹಡಗು ಚಲಿಸುತ್ತಿದೆಯೋ ನಿಂತಿದೆಯೋ ಯಾವ ಪ್ರಯೋಗ ಮಾಡಿದರೂ ಗೊತ್ತಾಗುವುದಿಲ್ಲ.

ಮತ್ತೊಂದು ಕಡೆ ನಮ್ಮ ಕಂಬಳ ನೋಡಿ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಬೋಲ್ಟ್ ಬೋಲ್ಟ್ ಅಂತ ಕುಣಿಯಿತು. (ಕೋಣ ಎಳೆಯುತ್ತಿತ್ತು ಎನ್ನುವುದನ್ನು ಎಲ್ಲರೂ ಮರೆತರು, ಅದಿರಲಿ.) ಆ ಓಟದ ಸರಾಸರಿ ವೇಗ ಗಂಟೆಗೆ 38 ಕಿಲೋಮೀಟರ್‌ಗೂ ಸ್ವಲ್ಪ ಕಮ್ಮಿ. ಸ್ಕೂಟಿಯಲ್ಲಿ ಮಾರ್ಕೆಟಿಗೆ ಹೋಗುವ ವೇಗ ಅಷ್ಟೆ. ಆದರೆ ಕೆಸರಲ್ಲಿ ಕೋಣದ ಹಿಂದೆ ಓಡುವವರಿಗೆ ಅದು ನಿಧಾನ ಅಂತ ಹೇಳಿ ನೋಡಿ!

ಹಾಗಾದರೆ ದೇಹಕ್ಕೆ ಗೊತ್ತಾಗುವುದು ಏನು? ವೇಗದಲ್ಲಿ ಆಗುವ ಬದಲಾವಣೆ. ಅದನ್ನು ಹಿಡಿಯುವ ಯಂತ್ರ ನಮ್ಮ ಕಿವಿಯ ಒಳಗಿದೆ. ಇದರ ಬಗ್ಗೆ ಮಾತು ಶುರು ಮಾಡಿದರೆ ನನಗೆ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಕ್ಷಮಿಸಿ.

ಮೀನಿನ ತಲೆಯ ಗಸಿ ತಿನ್ನುವವರಿಗೆ ಗೊತ್ತು, ಕೆಲವು ಮೀನಿನ ತಲೆಯಲ್ಲಿ ಬಿಳಿ ಕಲ್ಲಿನಂಥದ್ದು ಹಲ್ಲಿಗೆ ಸಿಗುತ್ತದೆ. ಕಟಕ್ ಅನ್ನುತ್ತದೆ, ತೆಗೆದು ಬಾಳೆಲೆಯ ಬದಿಗೆ ಇಡುತ್ತೇವೆ. ಅದು ಮೂಳೆಯ ತುಂಡಲ್ಲ. ಮೀನಿನ ಕಿವಿಯ ಕಲ್ಲು, ಓಟೋಲಿತ್. ಅದನ್ನು ಅಡ್ಡ ಕತ್ತರಿಸಿ ನೋಡಿದರೆ ಮರದಲ್ಲಿರುವಂತೆ ಬಳೆಗಳು ಕಾಣುತ್ತವೆ. ಮೀನುಗಾರಿಕೆ ವಿಜ್ಞಾನಿಗಳು ಆ ಬಳೆ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ವಸ್ತು ಯಾವುದು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮರುವಾಯಿ ಚಿಪ್ಪಲ್ಲಿ ಇರುವುದೂ ಅದೇ. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರಲ್ವಾ, ಆ ಚಿಪ್ಪು.

ನಮ್ಮ ಕಿವಿಯಲ್ಲೂ ಇದೇ ವಸ್ತು ಇದೆ, ದೊಡ್ಡ ಕಲ್ಲಾಗಿ ಅಲ್ಲ, ಸಾವಿರಾರು ಪುಟ್ಟ ಹರಳುಗಳಾಗಿ. ಒಂದೊಂದು ಹರಳು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಒಳಕಿವಿಯ ಯುಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಚೀಲಗಳಲ್ಲಿ ತೆಳುವಾದ ಅಂಟು ಪದರ ಇದೆ. ಹರಳುಗಳು ಆ ಅಂಟಿನ ಮೇಲೆ ಕೂತಿವೆ. ಅಂಟಿನ ಕೆಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಹರಳಿನ ಸಾಂದ್ರತೆ ನೀರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಹಾಗಾಗಿ ತಲೆ ಥಟ್ಟನೆ ಮುಂದೆ ಹೋದರೆ ಹರಳು ಜಡವಾಗಿ ಹಿಂದೆ ಉಳಿಯುತ್ತದೆ. ಅಂಟು ಜಾರುತ್ತದೆ, ಎಳೆಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಈ ನರಗಳು ನಾವು ಸುಮ್ನೆ ಕೂತಾಗಲೂ ಮಿಡಿಯುತ್ತಲೇ ಇರುತ್ತವೆ. ಎಳೆ ಒಂದು ಕಡೆ ಬಾಗಿದರೆ ಮಿಡಿತ ಹೆಚ್ಚು, ಇನ್ನೊಂದು ಕಡೆ ಬಾಗಿದರೆ ಕಮ್ಮಿ. ವೇಗ ಒಂದೇ ಆಯಿತು ಅಂದ ತಕ್ಷಣ ಹರಳು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸುದ್ದಿ ಬಂದ್. 30ರಲ್ಲಿ ಹೋಗುತ್ತಿದ್ದೀರೋ 300ರಲ್ಲೋ, ಕಿವಿಗೆ ಗೊತ್ತಿಲ್ಲ.

ಕಿವಿಯ ಈ ಕೆಲಸ ಹಿಡಿದವರಲ್ಲಿ ಒಬ್ಬ ಅರ್ನ್ಸ್ಟ್ ಮಾಖ್. ಪ್ರಾಗ್‌ನಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ರೈಲು ತಿರುವಿನಲ್ಲಿ ಹೋಗುವಾಗ ಹೊರಗಿನ ಮನೆ, ಮರ ಎಲ್ಲ ವಾಲಿದ ಹಾಗೆ ಕಂಡದ್ದು ಅವನ ತಲೆಯಲ್ಲಿ ಹುಳ ಬಿಟ್ಟಿತು. ಮನುಷ್ಯರನ್ನು ತಿರುಗುವ ಚೌಕಟ್ಟಿನಲ್ಲಿ ಕೂರಿಸಿ ಪ್ರಯೋಗ ಮಾಡಿ 1875ರಲ್ಲಿ ಬರೆದ. ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಯೋಸೆಫ್ ಬ್ರಾಯರ್ ಕೂಡ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದ. ಮುಂದೆ ಫ್ರಾಯ್ಡ್ ಜತೆ ಸೇರಿ ಮನೋರೋಗಗಳ ಬಗ್ಗೆ ಬರೆದ ಬ್ರಾಯರ್ ಇವನೇ. ತಮಾಷೆ ಏನೆಂದರೆ ಈಗ ಮಾಖ್ ಹೆಸರು ಉಳಿದಿರುವುದು ಯುದ್ಧವಿಮಾನದ ವೇಗ ಹೇಳುವಾಗ: ಮಾಕ್ 1, ಮಾಕ್ 2. ಗುಂಡು ಶಬ್ದಕ್ಕಿಂತ ವೇಗವಾಗಿ ಹಾರುವಾಗ ಏಳುವ ಅಲೆಯ ಫೋಟೋವನ್ನು ಅವನು 1887ರಲ್ಲಿ ಪ್ರಕಟಿಸಿದ್ದಕ್ಕೆ ಸಿಕ್ಕ ಗೌರವ ಅದು. ಮನುಷ್ಯನಿಗೆ ವೇಗ ಗೊತ್ತಾಗುವುದಿಲ್ಲ ಎಂದು ತೋರಿಸಿದವನ ಹೆಸರನ್ನೇ ವೇಗಕ್ಕೆ ಇಟ್ಟರು!

ಈಗ ಭಾವನ ಕಾರಿಗೆ ಬರೋಣ. ಕಂಪನಿಯ ಲೆಕ್ಕದಲ್ಲಿ ಅದು 0ಯಿಂದ 100ಕ್ಕೆ 4.2 ಸೆಕೆಂಡಿನಲ್ಲಿ ಮುಟ್ಟುತ್ತದೆ. ಅಂದರೆ ಬೆನ್ನಿಗೆ ಬೀಳುವ ಒತ್ತಡ ಗುರುತ್ವದ ಮೂರನೇ ಎರಡು ಭಾಗದಷ್ಟು. 13 ಸೆಕೆಂಡ್ ತೆಗೆದುಕೊಳ್ಳುವ ನನ್ನ ಸಣ್ಣ ಕಾರಿನಲ್ಲಿ ಅದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಕಿವಿಯ ಹರಳಿಗೆ ಗುರುತ್ವ ಯಾವುದು, ಕಾರಿನ ತಳ್ಳು ಯಾವುದು ಅಂತ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಐನ್‌ಸ್ಟೈನ್ 1907ರಲ್ಲಿ ಬರ್ನ್ ಪೇಟೆಂಟ್ ಆಫೀಸಿನಲ್ಲಿ ಕೂತು ಯೋಚಿಸಿದ್ದು ಇದೇ: ಎರಡರ ನಡುವೆ ಒಳಗಿದ್ದವನಿಗೆ ವ್ಯತ್ಯಾಸವೇ ಇಲ್ಲ. ಹಾಗಾಗಿ ಕಣ್ಣು ಮುಚ್ಚಿ ಕೂತರೆ ಭಾವನ ಕಾರು ಹೊರಟಾಗ ಸೀಟು ಸುಮಾರು 34 ಡಿಗ್ರಿ ಹಿಂದಕ್ಕೆ ವಾಲಿದಂತೆ ಕಿವಿ ಹೇಳುತ್ತದೆ. ನನ್ನ ಕಾರಿನಲ್ಲಿ 12 ಡಿಗ್ರಿ. ಕತ್ತಲಲ್ಲಿ ಟೇಕಾಫ್ ಮಾಡುವ ಪೈಲಟ್‌ಗಳಿಗೆ ಇದೇ ಅಪಾಯ. ವಿಮಾನದ ಮೂತಿ ಜಾಸ್ತಿ ಮೇಲೆದ್ದಿದೆ ಅಂತ ಕಿವಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಮೂತಿ ಕೆಳಗೆ ಮಾಡಿದವರು ಸಮುದ್ರಕ್ಕೆ ಬಿದ್ದದ್ದುಂಟು. ಅದಕ್ಕೇ ಕಿವಿ ನಂಬಬೇಡಿ, ಮೀಟರ್ ನಂಬಿ ಅಂತ ಅವರಿಗೆ ಪಾಠ.

ಇಲ್ಲಿ ಗಮನಿಸಿ, 100 ಮುಟ್ಟುವವರೆಗೆ ಕಾಯಬೇಕಾಗಿಲ್ಲ. ಕಲ್ಸಂಕದಲ್ಲಿ ದಾರಿ ಬಿಟ್ಟಿತು, 0ಯಿಂದ 40. ಮಜಾ ಅಲ್ಲೇ ಮುಗಿಯಿತು. ಎರಡು ಸೆಕೆಂಡ್ ಕೂಡ ಬೇಡ. ಸ್ಪೀಡ್ ಲಿಮಿಟ್ ಮುರಿದಿಲ್ಲ, ಪೊಲೀಸರಿಗೆ ಕೆಲಸ ಇಲ್ಲ. ಆಮೇಲೆ ಹೈವೇಯಲ್ಲಿ 100ರಲ್ಲಿ ನೇರವಾಗಿ ಪಡುಬಿದ್ರೆ ಕಡೆ ಹೋಗುವಾಗ ಪೋರ್ಷೆಯೂ ಒಂದೇ, ನನ್ನ ಡಬ್ಬಿಯೂ ಒಂದೇ. ಕಿವಿಯ ಮಟ್ಟಿಗೆ ಎರಡೂ ಶೆಡ್ಡಿನಲ್ಲಿ ನಿಂತಿವೆ.

ಇನ್ನು ತಿರುವು. ಬಲಗಾಲಿನ ಪೆಡಲ್ ಒಂದೇ ಹರಳನ್ನು ಅಲ್ಲಾಡಿಸುತ್ತದೆ ಅಂತ ಯಾರು ಹೇಳಿದ್ದು? ಬ್ರೇಕೂ ಅಲ್ಲಾಡಿಸುತ್ತದೆ, ಸ್ಟೀರಿಂಗೂ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದರೆ 14 ಹೇರ್‌ಪಿನ್ ತಿರುವು. ಒಂದು ತಿರುವಿನ ತ್ರಿಜ್ಯ 12 ಮೀಟರ್ ಅಂತಿಟ್ಟುಕೊಳ್ಳಿ. 20ರಲ್ಲಿ ತಿರುಗಿಸಿದರೆ ಪಕ್ಕಕ್ಕೆ ಎಳೆಯುವ ಬಲ ಗುರುತ್ವದ ಕಾಲು ಭಾಗ. 30ರಲ್ಲಿ ತಿರುಗಿಸಿದರೆ ಅರ್ಧಕ್ಕಿಂತ ಜಾಸ್ತಿ, ಯಾಕೆಂದರೆ ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟಾಗುತ್ತದೆ. 30! ಸೈಕಲ್ ತುಳಿಯುವ ಹುಡುಗರೂ ಹೋಗುವ ವೇಗ. ಎತ್ತರದ ಎಸ್‌ಯುವಿ ಈ ಬಲಕ್ಕೆ ಮೊದಲು ಒಂದು ಕಡೆ ವಾಲಿ, ಆಮೇಲೆ ತಿರುಗುತ್ತದೆ. ಕಿವಿಗೆ ಎರಡು ಸುದ್ದಿ ಒಟ್ಟಿಗೆ ಹೋಗಿ ಗೊಂದಲ. 911ರಲ್ಲಿ ಎಂಜಿನ್ ಸಿಲಿಂಡರ್‌ಗಳು ಅಡ್ಡ ಮಲಗಿವೆ, ಮೂರು ಆಚೆ, ಮೂರು ಈಚೆ. ತೂಕ ನೆಲಕ್ಕೆ ಹತ್ತಿರ. ಬಾಡಿ ವಾಲುವುದಿಲ್ಲ ಎನ್ನುವಷ್ಟು ಕಮ್ಮಿ. ಸ್ಟೀರಿಂಗ್ ತಿರುಗಿಸಿದ್ದಕ್ಕೂ ಹರಳು ಅಲ್ಲಾಡಿದ್ದಕ್ಕೂ ನಡುವೆ ಸಮಯವೇ ಇಲ್ಲ ಅನ್ನಿಸುತ್ತದೆ. ಮಳೆಗಾಲದಲ್ಲಿ ಈ ಲೆಕ್ಕ ಹಿಡಿದು ಆಗುಂಬೆಗೆ ಹೋಗಬೇಡಿ. ಒದ್ದೆ ರಸ್ತೆಯಲ್ಲಿ ಟಯರಿನ ಹಿಡಿತ ಬೇರೆಯೇ ಕತೆ.

ಈ ಸಮಯದ ವಿಷಯ ಮುಖ್ಯ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ್ನು ನೋಡಿ. ಬಗಲಲ್ಲಿ ಬ್ಯಾಗು, ಸೊಂಟ ಸೀಟಿನ ಅಂಚಿಗೆ ಒರಗಿದೆ, ಒಂದು ಕೈಯಲ್ಲಿ ನೋಟು, ಇನ್ನೊಂದರಲ್ಲಿ ಟಿಕೆಟ್ ಮಷಿನ್. ಕಂಬಿ ಹಿಡಿಯಲು ಕೈ ಎಲ್ಲಿದೆ? ಮೂಲ್ಕಿಯಲ್ಲಿ ಡ್ರೈವರ್ ಬ್ರೇಕ್ ಒತ್ತುವಾಗ ನಿಂತ ಜನ ಎಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಕಂಡಕ್ಟರನ ಹಿಮ್ಮಡಿ ಮಾತ್ರ ಅರೆಕ್ಷಣ ಮೊದಲೇ ನೆಲಕ್ಕೆ ಊರಿರುತ್ತದೆ. "ಪಿರ ಪೋಲೆ, ಪಿರ ಪೋಲೆ" (ತುಳುವಿನಲ್ಲಿ, ಹಿಂದೆ ಹೋಗಿ) ಅನ್ನುವುದೂ ನಿಲ್ಲುವುದಿಲ್ಲ. ಎಂಜಿನ್ ಸದ್ದು, ಮುಂದಿನ ಸ್ಟಾಪು, ಡ್ರೈವರನ ಸ್ವಭಾವ ಎಲ್ಲ ಸೇರಿ ಅವನ ಮಿದುಳು ಮುಂದಿನ ಅಲ್ಲಾಟವನ್ನು ಮೊದಲೇ ಲೆಕ್ಕ ಹಾಕಿದೆ. ಘಾಟಿಯಲ್ಲಿ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡುತ್ತಾರೆ, ಡ್ರೈವರ್ ಮಾಡುವುದಿಲ್ಲ. ಕಾರಣ ಇದೇ. ಮಗುವಿನ ಕಣ್ಣಿಗೆ ಎದುರು ಸೀಟು ನಿಂತಲ್ಲೇ ಕಾಣುತ್ತದೆ, ಕಿವಿ ಮಾತ್ರ ಅಲ್ಲಾಡ್ತಿದ್ದೇವೆ ಅನ್ನುತ್ತದೆ. ಡ್ರೈವರನ ಮಿದುಳಿಗೆ ಏನು ಬರಲಿದೆ ಎಂದು ಗೊತ್ತು, ಯಾಕೆಂದರೆ ತರುವವನು ಅವನೇ.

ಮಂಗಳೂರಿನಲ್ಲಿ ದುಡ್ಡಿರುವವರು ದೊಡ್ಡ ಸೆಡಾನ್ ತಂದರೆ ಡ್ರೈವರ್ ಇಟ್ಟು ತಾವು ಹಿಂದೆ ಕೂರುತ್ತಾರೆ. ಸ್ಪೋರ್ಟ್ಸ್ ಕಾರಿನ ಕೀ ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಅದು ಬರೀ ಜಿಪುಣತನ ಅಲ್ಲ. ಊಹಿಸಿದ್ದು, ಆದದ್ದು ಎರಡೂ ಕರಾರುವಾಕ್ಕಾಗಿ ಕೂಡಿಬರುವ ಖುಷಿ ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಸಿಗುತ್ತದೆ.

ಕಣ್ಣಿಗೆ ವೇಗ ಕಾಣುತ್ತದಲ್ಲ ಅಂತ ನೀವು ಕೇಳಬಹುದು. ಕಾಣುತ್ತದೆ, ಆದರೆ ಅದು ನೋಡುವುದು ಕಿಲೋಮೀಟರ್ ಅಲ್ಲ. ರಸ್ತೆ ಎಷ್ಟು ಬೇಗ ಕಣ್ಣಿನ ಕೆಳಗೆ ಹರಿಯುತ್ತದೆ ಎಂಬುದನ್ನು. ಆ ಹರಿವು ವೇಗವನ್ನು ಕಣ್ಣಿನ ಎತ್ತರದಿಂದ ಭಾಗಿಸಿದಷ್ಟು. ಎಸ್‌ಯುವಿಯಲ್ಲಿ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರ, ಸ್ಪೋರ್ಟ್ಸ್ ಕಾರಿನಲ್ಲಿ ಒಂದು ಮೀಟರ್ ಆಸುಪಾಸು. ಅಲ್ಲಿಯ 60, ಇಲ್ಲಿಯ 40 ಕಣ್ಣಿಗೆ ಹೆಚ್ಚುಕಮ್ಮಿ ಒಂದೇ. ಹತ್ತು ಕಿಲೋಮೀಟರ್ ಮೇಲಿನ ವಿಮಾನದ ಕಿಟಕಿಯಿಂದ ನೋಡಿದರೆ ಊರುಗಳು ತೆವಳುತ್ತವೆ, ಅಲ್ವಾ?

ತಗ್ಗಿನಲ್ಲಿ ಕೂತದ್ದಕ್ಕೆ ದಂಡ ಕಟ್ಟುವುದು ಹಂಪ್‌ಗಳಲ್ಲಿ. ರಸ್ತೆಯ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ್ದು ಹಂಪ್ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಒಳರಸ್ತೆಗಳಲ್ಲಿ ಒಂದು ರಾತ್ರಿ ಡಾಮರು ಸುರಿದು ಮಾಡಿದ ದಿಣ್ಣೆಗೆ ಅಗಲವೇ ಇರುವುದಿಲ್ಲ. ಭಾವನ ಕಾರಿನಲ್ಲಿ ಒಂದು ಬಟನ್ ಇದೆ, ಒತ್ತಿದರೆ ಮೂತಿ 40 ಮಿಲಿಮೀಟರ್ ಮೇಲೇಳುತ್ತದೆ. "ಭಾವ, ಹಂಪು!" ಅಂತ ಕೂಗುವುದು ಪಕ್ಕದಲ್ಲಿ ಕೂತ ನನ್ನ ಕೆಲಸ.

ಇನ್ನೊಂದು ಬಟನ್ ಸ್ಪೋರ್ಟ್ ಮೋಡಿನದು. ಒತ್ತಿದರೆ ಎಂಜಿನ್ ಪವರ್ ಜಾಸ್ತಿ ಆಗುತ್ತದೆ ಅಂತ ಹುಡುಗರು ನಂಬಿದ್ದಾರೆ. ಸಾಮಾನ್ಯವಾಗಿ ಎಂಜಿನ್ನಿನ ಗರಿಷ್ಠ ಪವರ್ ಅಷ್ಟೇ ಇರುತ್ತದೆ. ಪೆಡಲನ್ನು ಸ್ವಲ್ಪ ಒತ್ತಿದರೂ ಹೆಚ್ಚು ಕೊಡು, ಗೇರ್ ಬೇಗ ಬದಲಿಸು ಅಂತ ಕಂಪ್ಯೂಟರಿಗೆ ಹೇಳಿದಂತೆ ಅಷ್ಟೆ. ಹರಳು ಬೇಗ ಜಗ್ಗುತ್ತದೆ, ನಾವು ಅದನ್ನೇ ಶಕ್ತಿ ಅಂದುಕೊಳ್ಳುತ್ತೇವೆ.

ಇದಕ್ಕಿಂತ ದೊಡ್ಡ ನಂಬಿಕೆ ಟಯರಿನ ಕೆಳಗಿನ ನಿಂಬೆಹಣ್ಣು. ಆಯುಧಪೂಜೆಗೆ ಹೂ ಹಾಕಿ, ಆರತಿ ಎತ್ತಿ, ಚಂದ. ನನಗೂ ಪಂಚಕಜ್ಜಾಯ ಕೊಡಿ. ಆದರೆ ಬಂಪರಿಗೆ ಮೆಣಸು ಕಟ್ಟಿದೆವು, ಇನ್ನು ಏನೂ ಆಗುವುದಿಲ್ಲ ಅಂತ ಸವೆದ ಟಯರಿನಲ್ಲಿ ಘಾಟಿ ಹತ್ತುವವರನ್ನು ಕಂಡರೆ ಸಿಟ್ಟು ಬರುತ್ತದೆ. ಕಾರಿಗೂ ನೆಲಕ್ಕೂ ಇರುವ ಸಂಬಂಧ ನಾಲ್ಕು ಅಂಗೈಯಷ್ಟು ರಬ್ಬರು. ಆ ರಬ್ಬರಿಗೆ ದೃಷ್ಟಿ ತಾಗುವುದಿಲ್ಲ, ಮರಳು ತಾಗುತ್ತದೆ, ನೀರು ತಾಗುತ್ತದೆ.

ಬೇಸರದ ವಿಷಯ ಒಂದುಂಟು. ಇಂಥ ಕಾರು ಕೊಳ್ಳುವ ದುಡ್ಡು ಹೆಚ್ಚಿನವರ ಕೈಗೆ ಬರುವುದು ಐವತ್ತೋ ಅರುವತ್ತೋ ಆದಮೇಲೆ. ಅಷ್ಟು ಹೊತ್ತಿಗೆ ಕಿವಿಯ ಹರಳುಗಳು ಸವೆಯಲು ಶುರುವಾಗಿರುತ್ತವೆ. ಕೆಲವು ಸಲ ಅಂಟಿನಿಂದ ಕಳಚಿ, ತಲೆ ತಿರುಗಿದ್ದನ್ನು ಹಿಡಿಯುವ ಪಕ್ಕದ ಅರ್ಧವೃತ್ತದ ನಾಳಕ್ಕೆ ಬೀಳುತ್ತವೆ. ಆಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಕೋಣೆ ಗಿರಗಿರ ಸುತ್ತುತ್ತದೆ. ಜನ ಇದಕ್ಕೆ ಪಿತ್ತ ಅನ್ನುತ್ತಾರೆ, ಗ್ಯಾಸ್ ಅನ್ನುತ್ತಾರೆ, ದೃಷ್ಟಿ ತೆಗೆಸುತ್ತಾರೆ. ಮದ್ದು ಬಹಳ ಸರಳ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯ 1992ರಲ್ಲಿ ವಿವರಿಸಿದ ಕ್ರಮ ಇದೆ. ರೋಗಿಯನ್ನು ಮಲಗಿಸಿ, ತಲೆಯನ್ನು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಆಮೇಲೆ ಇಡೀ ಮೈಯನ್ನು ಮಗ್ಗುಲಿಗೆ ತಿರುಗಿಸಿ ಎಬ್ಬಿಸುತ್ತಾರೆ. ಹರಳು ನಾಳದೊಳಗೆ ಉರುಳಿ ಮತ್ತೆ ಚೀಲಕ್ಕೆ ಬೀಳುತ್ತದೆ. ಮಾತ್ರೆ ಬೇಡ, ಸೂಜಿ ಬೇಡ, ಹತ್ತು ನಿಮಿಷದ ಕೆಲಸ. ಭಾವನಿಗೂ ಹೋದ ವರ್ಷ ಹೀಗೇ ಆಗಿತ್ತು. ಡಾಕ್ಟರು ತಲೆ ತಿರುಗಿಸಿ ಸರಿಮಾಡಿ, ಎರಡು ದಿನ ಡ್ರೈವಿಂಗ್ ಬೇಡ ಅಂದರು. ಭಾವನ ತಕರಾರು ಇದ್ದದ್ದು ಆ ಎರಡು ದಿನದ ಬಗ್ಗೆ ಮಾತ್ರ.